ಕೈ ಬೆನ್ನ ಹಿಂದೆ

ಶಾಲೆಯ ಕೌನ್ಸೆಲರ್ ಬಾಯಿ ತೆರೆಯುವ ಮೊದಲೇ ಮಗಳ ಮೇಲೆ ನನ್ನ ಕೈ ಎದ್ದಿತ್ತು. ಎಂಟನೇ ತರಗತಿಯ ಹುಡುಗಿ, ಆಗಲೇ ಎರಡು ಸಲ ಸಹಪಾಠಿಗಳಿಗೆ ಹೊಡೆದಿದ್ದಳು. ಇನ್ನೊಮ್ಮೆ ಹೀಗಾದರೆ ಟಿಸಿ ಎಂದಿದ್ದರು. ಫೋನ್ ಬಂದದ್ದೇ ದೆಹಲಿಯ ಕರೋಲ್ ಬಾಗ್‌ನ ನಮ್ಮ ಹೋಟೆಲಿನಲ್ಲಿ ದೋಸೆ ಕಾವಲಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದೆ.

ಮಗಳು ಓಡಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿದ್ದಳು.

“ಅಪ್ಪಾ, ನೀವೂ ಕೈ ಪೀಛೇ ಕಟ್ಟಿ. ಗುಸ್ಸಾ ಬಂದ್ರೆ ಹೀಗೇ ಮಾಡ್ಬೇಕು, ಈ ಮೇಡಂ ಕ್ಲಾಸಲ್ಲಿ ಕಲಿಸಿದ್ದಾರೆ.”

ನನ್ನ ಕೈ ಅಲ್ಲೇ ನಿಂತಿತು. ಕೌನ್ಸೆಲರ್ ಎದ್ದು ನಮ್ಮಿಬ್ಬರ ನಡುವೆ ಬಂದರು. ಆ ಬೆಳಿಗ್ಗೆ ಯಾರೋ ಜಡೆ ಹಿಡಿದೆಳೆದಾಗಲೂ ಮಗಳು ಹೀಗೇ ನಿಂತಿದ್ದಳಂತೆ, ತಿರುಗಿ ಹೊಡೆಯಲಿಲ್ಲವಂತೆ. ಅವಳೆದುರೇ ಅದನ್ನು ನನಗೆ ಹೇಳಬೇಕೆಂದು ಕರೆಸಿದ್ದರು.

ಹೊಡೆಯುವುದನ್ನು ಇವಳು ಎಲ್ಲಿ ಕಲಿತಳೆಂದು ಹಿಂದಿನ ಎರಡೂ ಸಲ ಅವರು ನನ್ನನ್ನು ಕೇಳಿದ್ದರು. ಗೊತ್ತಿಲ್ಲ ಎಂದಿದ್ದೆ. ಅಂದು ಅವರು ಕೇಳಲಿಲ್ಲ.