ತಣ್ಣೀರಿನಲ್ಲಿ ನೆನೆಸಿಟ್ಟ ಚಾ

ಇವತ್ತು ಬೆಳಿಗ್ಗೆ ಆರಕ್ಕೆ, ಯೂನಿಫಾರ್ಮಿನ ಗುಂಡಿ ಹಾಕುವ ಮೊದಲೇ, ಪುದೀನದ ಕಟ್ಟು ಬಿಚ್ಚಿದೆ. ಅಡುಗೆಮನೆಯೆಲ್ಲ ಘಮ್ಮೆಂದಿತು. ಎರಡು ವರ್ಷ ಇದೇ ವಾಸನೆಯಿಂದ ದಿನ ಶುರು ಮಾಡಿದವಳು ನಾನು. ಆದರೆ ಕಟ್ಟನ್ನು ನಾನೇ ಬಿಚ್ಚಿದ್ದು ಇದೇ ಮೊದಲು ಎಂದರೆ ನೀವು ನಗಬಾರದು.

ಸೌದಿಯ ತಾಯಿಫಿನ ಈ ಆಸ್ಪತ್ರೆಗೆ ನರ್ಸ್ ಆಗಿ ಬಂದ ಹೊಸತರಲ್ಲಿ ನನ್ನ ಕೋಣೆಯ ಇನ್ನೊಂದು ಮಂಚ ಪುತ್ತೂರಿನ ಮೈಮೂನಾಳದು. ಅವಳಿಗೆ ಹಗಲು ಪಾಳಿ, ನನಗೆ ರಾತ್ರಿ ಪಾಳಿ. ಒಂದೇ ಕೋಣೆಯಲ್ಲಿದ್ದೂ ನಾವು ಮುಖ ನೋಡುತ್ತಿದ್ದದ್ದು ಆಸ್ಪತ್ರೆಯ ಬಸ್ಸಿನ ಬಾಗಿಲಲ್ಲಿ. ಸಂಜೆ ಅವಳು ಇಳಿಯುವಳು, ನಾನು ಹತ್ತುವೆನು. "ಬೇಗ ಹತ್ತು ಮಾರಾಯ್ತಿ, ಡ್ರೈವರ್ ಯಲ್ಲಾ ಯಲ್ಲಾ ಹೇಳ್ತಾ ಇದ್ದಾನೆ." ನಮ್ಮ ಮಾತುಕತೆ ಹೆಚ್ಚುಕಡಿಮೆ ಇಷ್ಟೇ.

ಉಳಿದದ್ದನ್ನು ನೋಡಿಕೊಳ್ಳುತ್ತಿದ್ದುದು ಒಂದು ಗಾಜಿನ ಜಾಡಿ. ಡ್ಯೂಟಿಗೆ ಹೊರಡುವ ಮುಂಚೆ ಅವಳು ಅದಕ್ಕೆ ತಣ್ಣೀರು ತುಂಬಿ, ಚಾಪುಡಿಯ ಪೊಟ್ಟಣ ಇಳಿಬಿಟ್ಟು, ಕಿತ್ತಳೆಯ ಹೋಳು, ಒಂದು ಹಿಡಿ ದಾಳಿಂಬೆ ಹಾಕಿ ಫ್ರಿಜ್ಜಿನಲ್ಲಿಡುವಳು. ಪುದೀನವನ್ನು ಕತ್ತರಿಸುವುದಿಲ್ಲ, ಅಂಗೈಗಳ ನಡುವೆ ಇಟ್ಟು ಒಂದು ಚಪ್ಪಾಳೆ ಸಾಕು. ಸಂಜೆ ನಾಲ್ಕಕ್ಕೆ ನಾನು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಚಾ ತಯಾರು. ಹಾಲು, ಸಕ್ಕರೆ ಇಲ್ಲದ್ದನ್ನು ಚಾ ಎಂದೇ ಒಪ್ಪದ ಕುಂದಾಪುರದವಳು ನಾನು. "ಇದೆಂತ, ಚಾದ ಲೋಟ ತೊಳೆದ ನೀರಾ?" ಎಂದು ಮೊದಲ ದಿನವೇ ಬಸ್ಸಿನ ಬಾಗಿಲಲ್ಲಿ ಕೇಳಿದೆ.

"ಬಿಸಿ ಚಾಕ್ಕೆ ಒಲೆ ಹತ್ರ ಒಬ್ರು ನಿಲ್ಬೇಕು. ಇದು ನಾನಿಲ್ಲದಿದ್ರೂ ಆಗ್ತದೆ," ಎಂದಳು.

ತಿಂಗಳೊಳಗೆ ಅದನ್ನು ಕುಡಿಯದೆ ನನಗೆ ನಿದ್ದೆಯೇ ಬಿಡುತ್ತಿರಲಿಲ್ಲ. ಜಾಡಿ ತೊಳೆದು ನಲ್ಲಿಯ ಪಕ್ಕ ಬೋರಲು ಇಡುವುದಷ್ಟೇ ನನ್ನ ಪಾಲಿನ ಕೆಲಸ.

ಒಂದು ಸಂಜೆ ಅವಳು ಬಸ್ಸಿನ ಕಂಬಿ ಹಿಡಿದು ನಿಧಾನಕ್ಕೆ ಇಳಿದಳು. "ಒಂದು ದಿನ ನೀನೂ ನೆನೆಸಿಡು ಮಾರಾಯ್ತಿ. ಬಾಗಿಲು ತೆಗೆಯುವಾಗ ನನಗೂ ಯಾರಾದ್ರೂ ಎಂತಾದ್ರೂ ಇಟ್ಟಿದ್ರೆ ಅಂತ ಆಗ್ತದೆ."

"ನಾಳೆ ಖಂಡಿತ," ಎಂದೆ.

ಬೆಳಿಗ್ಗೆ ಎಂಟಕ್ಕೆ ಬಂದವಳು ಶೂ ಸಮೇತ ಹಾಸಿಗೆಗೆ ಬಿದ್ದೆ. ಮರುದಿನವೂ ಅಷ್ಟೇ. ಒಂದು ಜಾಡಿ ನೀರಿಗೆ ನಾಲ್ಕು ಎಲೆ ಹಾಕಲಾಗದಷ್ಟು ದಣಿವು ಯಾರಿಗಾದರೂ ಇರುತ್ತದೆಯೇ? ನನಗಿತ್ತು. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ. ಅಷ್ಟರಲ್ಲಿ ಅವಳಿಗೆ ದೂರದ ನಜ್ರಾನಿನ ಆಸ್ಪತ್ರೆಗೆ ವರ್ಗವಾಯಿತು.

ನಿನ್ನೆ ಅವಳ ಸಂದೇಶ ಬಂತು. ನಜ್ರಾನಿನಿಂದ ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ ಅವಳು ಹೊರಟ ಬಸ್ಸು ಇವತ್ತು ಸಂಜೆ ತಾಯಿಫಿನಲ್ಲಿ ನಾಲ್ಕರಿಂದ ಆರರವರೆಗೆ ನಿಲ್ಲುತ್ತದಂತೆ. ಈಗ ನನಗೆ ಹಗಲು ಪಾಳಿ. ರಜೆ ಕೇಳಿದರೆ ಹೆಡ್ ನರ್ಸ್ ಆಗದೆಂದು ತಲೆಯಾಡಿಸಿಬಿಟ್ಟರು. ಹಾಗಾಗಿ ಇವತ್ತು ಚಾ ನೆನೆಸಿಟ್ಟೆ. ಪಕ್ಕದ ಕೋಣೆಯವಳಿಗೆ ಈಗ ರಾತ್ರಿ ಪಾಳಿ; ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ, ಮೈಮೂನಾ ಬಂದರೆ ಬಾಗಿಲು ತೆಗೆದುಕೊಡು ಎಂದು ಇನ್ನೊಂದು ಕೀಯನ್ನು ಅವಳ ಕೈಗೆ ಕೊಟ್ಟೆ. ದಿನವಿಡೀ ವಾರ್ಡಿನಲ್ಲಿ ಒಂದೇ ಚಿಂತೆ: ಬಸ್ಸು ತಡವಾಗಿ, ಅವಳು ಇತ್ತ ಬಾರದೆ ಹಾಗೇ ಹೋಗಿಬಿಟ್ಟರೆ?

ಏಳೂವರೆಗೆ ಕಾಲೆಳೆದುಕೊಂಡು ಬಂದು ಬಾಗಿಲು ತೆಗೆದೆ. ನಲ್ಲಿಯ ಪಕ್ಕ ಜಾಡಿ ಬೋರಲಾಗಿತ್ತು. ಮೈಮೂನಾ ತೊಳೆದಿಟ್ಟಿದ್ದಳು, ನಾನು ಇಡುತ್ತಿದ್ದ ಹಾಗೆಯೇ. ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ.

ಆಮೇಲೆ ಎದ್ದೆ. ಶೂ ಇನ್ನೂ ಕಾಲಲ್ಲೇ ಇತ್ತು. ಜಾಡಿಯನ್ನು ನೆಟ್ಟಗಿಟ್ಟು ತಣ್ಣೀರು ತುಂಬಿದೆ. ಪಕ್ಕದ ಕೋಣೆಯವಳು ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬರುತ್ತಾಳೆ. ಕೀ ಅವಳ ಹತ್ತಿರವೇ ಇದೆ.