ವಠಾರದ ಮ್ಯಾನೇಜರ್

ಹೋದ ವರ್ಷ ಕಾಲೇಜು ಬಿಟ್ಟು, ಮತ್ತೆ ಓದುವ ಆಸೆಯಿದ್ದೂ ಬಾಯಿಬಿಟ್ಟು ಹೇಳಲಾರದವಳ ಅಕ್ಷರ ಇದು. ಕೋಳಿ ಕೆದರಿದಂತಿದೆ, ಮಾತು ಜೋಡಿಸುವುದೂ ಅಷ್ಟಕ್ಕಷ್ಟೆ, ಹೊಟ್ಟೆಗೆ ಹಾಕಿಕೊಂಡು ಓದಿ. ನಮ್ಮ ಚಾಮರಾಜಪೇಟೆಯ ವಠಾರದ ತ್ರಿಪುರಸುಂದರಿ ಎರಡನೇ ಪಿಯುಸಿಯಲ್ಲಿ ಕಾಮರ್ಸ್ ಓದುತ್ತಾಳೆ. ಬೆಳಗ್ಗೆ ಕೇಳಿದ ಬಿಸಿನೆಸ್ ಸ್ಟಡೀಸ್ ಪಾಠ ಸಂಜೆಯೊಳಗೆ ಮನೆಯಲ್ಲಿ ಜಾರಿಗೆ ಬರಲೇಬೇಕು. ಒಬ್ಬ ಕೆಲಸಗಾರನಿಗೆ ಒಬ್ಬನೇ ಯಜಮಾನ ಇರಬೇಕು ಎಂದು ಕಲಿತ ದಿನ ಅಪ್ಪನನ್ನು ಬಾಗಿಲಲ್ಲೇ ತಡೆದು, “ಕಾಫಿಪುಡಿ ತನ್ನಿ ಅಂತ ಅಮ್ಮ, ಬೇಡ ಅಂತ ಅಜ್ಜಿ. ಮೊದ್ಲು ನಿಮ್ಮ ಬಾಸ್ ಯಾರು ಹೇಳಿ” ಎಂದಳು. ಜಾಹೀರಾತಿನ ಪಾಠವಾದ ದಿನ, ಬೆಳಗಿನ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಿ “ಹೊಸ ರುಚಿ, ಇವತ್ತು ಮಾತ್ರ!” ಎಂದು ಮನೆಮನೆಗೂ ಕೂಗಿಕೊಂಡು ಹಂಚಿದಳು. “ಇದು ಮನೆ ಕಣೇ, ಫ್ಯಾಕ್ಟರಿ ಅಲ್ಲ!” ಎಂದು ಅಜ್ಜಿ ರಂಗನಾಯಕಮ್ಮ ಗದರಿದರೆ, “ಕಾರ್ಮಿಕರಲ್ಲಿ ಅಸಮಾಧಾನ ಜಾಸ್ತಿಯಾಗಿದೆ” ಎಂದು ನಗುತ್ತಾಳೆ. ನಾನು ಜಗಲಿಯಲ್ಲಿ ಕೂತು ಅಂಗಡಿಗೆ ಹೂ ಕಟ್ಟುವಾಗ ದಿನವೂ ಎದುರಿಗೆ ಬಂದು, “ಕೇಳಿಸ್ಕೊಳ್ಳೇ ವಿಶಾಲೂ, ಯಾರೂ ಕೇಳ್ದಿದ್ರೆ ನಂಗೆ ತಲೆಗೆ ಹತ್ತಲ್ಲ” ಎಂದು ಪಾಠ ಒಪ್ಪಿಸುತ್ತಾಳೆ. ಅವಳಿಗಾಗಿಯೇ ಇದೆಲ್ಲ ಎಂದು ನಂಬಿದ್ದೆ. ಇವತ್ತು ಹೂವಿನಿಂದ ತಲೆಯೆತ್ತಿ ನೋಡಿದೆ: ಪಾಠ ಅವಳಿಗೆ ಆಗಲೇ ಬಾಯಿಗೆ ಬಂದಿದೆ, ಪುಸ್ತಕ ಮಾತ್ರ ನನ್ನ ಕಡೆ ತಿರುಗಿದೆ. ನನ್ನ ಎರಡು ಕೈಯೂ ದಾರದಲ್ಲಿರುವುದರಿಂದ, ನಾನು ಓದಿ ಮುಗಿಸುವವರೆಗೂ ಕಾದು ಅವಳೇ ಹಾಳೆ ಮಗುಚುತ್ತಾಳೆ. ನಾಳೆ ಅವಳ ಜೊತೆ ಕಾಲೇಜಿಗೆ ಹೋಗಿ, ಪ್ರೈವೇಟಾಗಿ ಪರೀಕ್ಷೆ ಬರೆಯಲು ಹೆಸರು ಕೊಟ್ಟು ಬರುತ್ತೇನೆ.