ಕೂಸು ಎರೆಯುವ ಕಾಲುಗಳು

ಮರಾಠಿ ಸೀಮೆಯ ಧನಕವಡಿಯಲ್ಲಿ, ಕನ್ನಡದ ಮನೆಗಳಲ್ಲಿ ಕೂಸು ಹುಟ್ಟಿತೆಂದರೆ ಮೊದಲು ಹೇಳಿಕಳಿಸುತ್ತಿದ್ದದ್ದು ಗಂಗೂಬಾಯಿಗೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಚಾಚಿ ಕೂತಳೆಂದರೆ ಆ ಕಾಲುಗಳೇ ಕೂಸಿಗೆ ಹಾಸಿಗೆ. ಎಣ್ಣೆ ಹಚ್ಚಿದ ಮೈ ಜಾರುತ್ತಿರಲಿಲ್ಲ, ನೀರು ಸುರಿದರೂ ಮೂಗಿಗೆ ಹನಿ ಹೋಗುತ್ತಿರಲಿಲ್ಲ. ಧಾರವಾಡದ ಕಡೆಯಿಂದ ಮದುವೆಯಾಗಿ ಬರುವಾಗ ಕೈಯಲ್ಲಿದ್ದದ್ದು ಇದೊಂದೇ ವಿದ್ಯೆ. ಓಣಿಯ ಮರಾಠಿ ಬಾಣಂತಿಯರೂ ‘ಗಂಗೂಮಾವಶಿ’ ಬರಲಿ ಎಂದು ಕಾಯುತ್ತಿದ್ದರು.

ಆದರೆ ತನ್ನ ಸ್ವಂತ ಮೊಮ್ಮಗಳು ಹುಟ್ಟಿದ ವಾರ ಅವಳು ಐಸಿಯುನಲ್ಲಿದ್ದಳು. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹರಡಿ, ಅವಳ ಪಾಲಿನ ಉಸಿರನ್ನು ವೆಂಟಿಲೇಟರ್ ಆಡುತ್ತಿತ್ತು. ಸೊಸೆ ನೀಲಿಮಾ ಹಸಿ ಬಾಣಂತಿ. ಮನೆಯಲ್ಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ಕೂಸಿಗೆ ಹೆದರಿ ಹೆದರಿ ಎರೆದು, ಅದು ಅತ್ತರೆ ತಾನೂ ಅಳುತ್ತಿದ್ದಳು.

ಗಂಗೂಬಾಯಿ ಉಳಿದು ಬಂದಳು. ಬಂದವಳಿಗೆ ನೆಲದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ನಾಲ್ಕು ಮೆಟ್ಟಿಲಿಗೆ ದಮ್ಮು.

“ಕಾಲು ದವಾಖಾನ್ಯಾಗ ಬಿಟ್ಟು ಬಂದೇನೇನ ನೀಲಾ?” ಎಂದು ನಕ್ಕು, ಮೊಮ್ಮಗಳ ಕಡೆ ನೋಡಿದಳು.

ಅದೇ ಆಸ್ಪತ್ರೆಯಲ್ಲಿ ಬೆಳಗಾವಿಯ ಡಾಕ್ಟರ್ ಅನುಜಾ ಒಂದು ಸಂಶೋಧನೆ ನಡೆಸುತ್ತಿದ್ದರು: ಸಾವಿನ ಬಾಗಿಲಿನಿಂದ ತಿರುಗಿ ಬಂದವರಿಗೆ ವ್ಯಾಯಾಮ ಕೊಟ್ಟರೆ ಉಸಿರು, ಕಾಲು ಎಷ್ಟು ಮರಳುತ್ತವೆ ಎಂದು ನೋಡುವುದು. ಗಂಗೂಬಾಯಿ ಒಪ್ಪಿಕೊಂಡಳು. ಮೊದಲ ದಿನ ಅವಳ ತೊಡೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದಾಗ ನೀಲಿಮಾ ಪರದೆಯತ್ತ ಬಗ್ಗಿದಳು. ಇದೇ ಜೆಲ್ಲು, ಇಂಥದೇ ಪರದೆಯ ಮೇಲೆ ಅವಳು ತನ್ನ ಕೂಸನ್ನು ಮೊದಲು ಕಂಡದ್ದು. ಈಗ ಅಲ್ಲಿ ಎರಡು ಬಿಳಿ ಗೆರೆಗಳ ನಡುವೆ ತೆಳ್ಳಗಿನ ಕಪ್ಪು ಪಟ್ಟಿ.

“ಇಷ್ಟ ಉಳದದ ನೋಡ್ರಿ ಸ್ನಾಯು,” ಎಂದರು ಅನುಜಾ. “ಜಡ್ಡು ಜೋರಿದ್ದಾಗ ಮೈ ತನ್ನ ಸ್ನಾಯೂನ ತಾನ ಕರಗಿಸಿ ತಿಂತದ. ಉಸಿರು ಎಳಿಯೋ ಸ್ನಾಯೂನೂ ಬಿಡಂಗಿಲ್ಲ.”

ನೀಲಿಮಾ ಆ ಪಟ್ಟಿಯನ್ನೇ ನೋಡಿದಳು. ಬದುಕಿಸಲೆಂದು ಮೈ ತನ್ನನ್ನೇ ತಿಂದಿತ್ತು.

ಆಮೇಲೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್. ಅಷ್ಟು ಹೊತ್ತು ಮಾತ್ರ ಸೀರೆ ಬಿಟ್ಟು ಸೊಸೆಯ ಸಲ್ವಾರ್ ಹಾಕಿಕೊಂಡು, ನಾಚಿಕೊಂಡೇ ಗಂಗೂಬಾಯಿ ಪೆಡಲ್ ತುಳಿದಳು. ಖಡಕಿಯಲ್ಲಿದ್ದ ಅವಳ ಭಾವ, ಗಂಡನ ಅಣ್ಣ ಮಾರ್ತಾಂಡ, ಅಲ್ಲಿನ ಮದ್ದುಗುಂಡಿನ ಆರ್ಡನನ್ಸ್ ಫ್ಯಾಕ್ಟರಿಯಿಂದ ನಿವೃತ್ತನಾದವನು, ತಪ್ಪದೆ ರಿಕ್ಷಾ ತಂದು ಕರೆದೊಯ್ಯುತ್ತಿದ್ದ. ಮತ್ತೆ ಸ್ಕ್ಯಾನ್ ಮಾಡಿದ ದಿನ ಆ ಕಪ್ಪು ಪಟ್ಟಿ ಕಣ್ಣಿಗೆ ಕಾಣುವಷ್ಟು ದಪ್ಪವಾಗಿತ್ತು. ಈ ವಯಸ್ಸಿನಲ್ಲಿ, ಸೀರೆಯೊಳಗೆ ಯಾರಿಗೂ ಕಾಣದಂತೆ, ಮೊಮ್ಮಗಳ ಜೊತೆಜೊತೆಗೇ ಅಜ್ಜಿಯೂ ಬೆಳೆದಿದ್ದಳು!

“ಹಂಗಾದ್ರ ಕೂಸಿಗೆ ಎರಿಬಹುದೇನ್ರಿ?” ಗಂಗೂಬಾಯಿ ಕೇಳಿಯೇಬಿಟ್ಟಳು.

“ಬಿಸಿನೀರಿನ ಬಚ್ಚಲಾ, ಕಾಲ ಮ್ಯಾಲ ಕೂಸು. ನಡುವ ದಮ್ ಹತ್ತಿದ್ರ? ಹೋದ ಸಲದಂಗ ಆರು ನಿಮಿಷದ ನಡಿಗಿ ಪರೀಕ್ಷಾ ಇನ್ನೊಮ್ಮೆ ಆಗ್ಲಿ, ಹೇಳ್ತೀನಿ. ಎಷ್ಟು ಆಗ್ತದೋ ಅಷ್ಟು ಬಿರಬಿರನ ನಡೀರಿ. ಜೊತೀಗೆ ಯಾರೂ ನಡೀಬಾರದು.”

ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿಕೊಂಡು ಗಂಗೂಬಾಯಿ ಉದ್ದನೆಯ ಕಾರಿಡಾರಿನಲ್ಲಿ ನಡೆದಳು. ನಡೆದ ದೂರ ಮಾತ್ರ ಹೋದ ಸಲದಷ್ಟೇ. ಅನುಜಾ ಹುಬ್ಬು ಗಂಟಿಕ್ಕಿದರು. “ಆಕ್ಸಿಜನ್ ಇಳಿದಿಲ್ಲ, ಸ್ನಾಯು ಬೆಳೆದದ. ಮತ್ಯಾಕ ನಡಿಗಿ ಏರವಲ್ತು?”

“ಹೋಗ್ಲಿ ಬಿಡ ನೀಲಾ. ಟಬ್ಬಿನಾಗ ಛಂದಾಗೇ ಎರೀತಿ ನೀ,” ಎಂದಳು ಗಂಗೂಬಾಯಿ. ಮುಖ ಬಾಡಿತ್ತು.

ನೀಲಿಮಾ ಕೂಸನ್ನು ಭುಜಕ್ಕೆ ಹಾಕಿಕೊಂಡು ಕಾರಿಡಾರಿನತ್ತ ನೋಡಿದಳು. ಡಾಕ್ಟರ ಕಣ್ಣು ಗಡಿಯಾರದ ಮೇಲಿದ್ದಾಗ ಅವಳ ಕಣ್ಣು ಅತ್ತೆಯ ಹೆಜ್ಜೆಯ ಮೇಲಿತ್ತು. ಪ್ರತಿ ಸುತ್ತಿನಲ್ಲೂ ಒಂದು ಕಡೆ ಆ ಹೆಜ್ಜೆ ನಿಧಾನವಾಗುತ್ತಿತ್ತು. ಅಲ್ಲಿ ಮುಂದೆ ಯಾರಿದ್ದರು?

“ದೊಡ್ಡಮಾವಾ, ನೀವ್ಯಾಕ ಅಲ್ಲೆ ಅಡ್ಡಾಡ್ತಿದ್ರಿ?”

“ಒಬ್ಬಾಕೀಗೆ ಬ್ಯಾಸರ ಆದೀತಂತ,” ಎಂದ ಮಾರ್ತಾಂಡ. “ಜೊತೀಗೆ ನಡೀಬಾರದು ಅಂದ್ರು. ನಾ ಎಲ್ಲಿ ಜೊತೀಗಿದ್ದೆ? ಮುಂದಿದ್ದೆ!”

“ಹ್ವಾದ ಸಲಾನೂ?”

“ಹೌದ. ನಾ ಯಾವಾಗ ತಪ್ಪಿಸೀನಿ?”

ಅನುಜಾ ಗಂಗೂಬಾಯಿಯ ಕಡೆ ತಿರುಗಿದರು. “ಅವರನ್ನ ದಾಟಿ ಹೋಗಬೇಕಿತ್ತಲ್ರಿ?”

“ಅಯ್ಯ! ಭಾವನವರನ್ನ ದಾಟೂದೇನ್ರಿ?” ಗಂಗೂಬಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮದುವೆಯಾದಂದಿನಿಂದ ಅವನ ಮುಂದೆ ನಡೆದವಳಲ್ಲ.

ಮಾರ್ತಾಂಡ ತನ್ನ ಸವೆದ ಮೊಣಕಾಲು ಮುಟ್ಟಿಕೊಂಡು ಹಣೆ ಹಣೆ ಬಡಿದುಕೊಂಡ. “ಅಂದ್ರ ಇಷ್ಟು ದಿನಾ ನೀವು ಅಳದದ್ದು ನನ್ನ ಮೊಣಕಾಲನ್ನ!”

ವಿಶ್ರಾಂತಿ ಕೊಟ್ಟು ಮತ್ತೆ ಪರೀಕ್ಷೆ ಇಟ್ಟರು. ಈ ಸಲ ಮಾರ್ತಾಂಡ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಗಂಗೂಬಾಯಿ ಅವನ ಹತ್ತಿರ ಬರುತ್ತಲೇ ಮತ್ತೆ ತಡವರಿಸಿದಳು. ಅವನು ಏನೂ ಅನ್ನದೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಬೆನ್ನು ಹಾಕಿದ.

ಗಂಗೂಬಾಯಿ ದಾಟಿದಳು. ಒಮ್ಮೆ ದಾಟಿದವಳು ಮತ್ತೆ ನಿಲ್ಲಲಿಲ್ಲ. ಸೆರಗು ಹಾರುತ್ತಿತ್ತು, ಚಪ್ಪಲಿ ಟಪಟಪ ಸದ್ದು ಮಾಡುತ್ತಿತ್ತು, ಸ್ಟ್ರೆಚರ್ ತಳ್ಳುತ್ತಿದ್ದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಯಂತ್ರದಿಂದ ಉಸಿರಾಡುತ್ತಿದ್ದ ಹೆಂಗಸು ಇವಳೇ ಏನು? ನೀಲಿಮಾ ನೋಡುತ್ತ ತನ್ನ ಉಸಿರನ್ನೇ ಮರೆತಳು. ಅನುಜಾ ಗಡಿಯಾರ ನಿಲ್ಲಿಸಿ ನಕ್ಕರು.

“ಎರೀರಿ. ಬಾಗಿಲು ಸ್ವಲ್ಪ ತಗದಿಡ್ರಿ. ಎರದ ಮ್ಯಾಲ ಲೋಬಾನದ ಹೊಗಿ ಹಾಕೂದು ಮಾತ್ರ ಬ್ಯಾಡ, ನಿಮಗೂ ಬ್ಯಾಡ, ಕೂಸಿಗೂ ಬ್ಯಾಡ.”

ಮರುದಿನ ಬೆಳಗ್ಗೆ ಗಂಗೂಬಾಯಿ ಮಣೆ ಹಾಕಿಕೊಂಡು ಕಾಲು ಚಾಚಿದಳು. ಕೂಸನ್ನು ಆ ಕಾಲುಗಳ ಮೇಲೆ ಮಲಗಿಸುವಾಗ ನೀಲಿಮಾಗೆ ಕಂಡದ್ದು ಬರಿಯ ಚರ್ಮವಲ್ಲ, ಅದರ ಕೆಳಗೆ ಬೆಳೆದ ಆ ಪಟ್ಟಿ. ಬೆಚ್ಚನೆಯ ನೀರು ಬಿದ್ದೊಡನೆ ಕೂಸು ಕಣ್ಣು ಮುಚ್ಚಿ ಸುಮ್ಮನಾಯಿತು.

“ದಮ್ ಹತ್ತಿತೇನು?” ಹೊರಗಿನಿಂದ ಮಾರ್ತಾಂಡನ ದನಿ.

“ನೀವು ಬಾಗಿಲ ಮುಂದ ಅಡ್ಡಾಡಬ್ಯಾಡ್ರಿ ಭಾವನವರ!” ಗಂಗೂಬಾಯಿ ಗದರಿಸಿ, ಇನ್ನೊಂದು ತಂಬಿಗೆ ಸುರಿದಳು.